ಕಬ್ಬಿನ ಹೇನೂ ಕಿರುಕಡಜವೂ

ಭ್ರಮರಕೀಟ ನ್ಯಾಯವನ್ನು ಕೇಳದವರು ವಿರಳ. ಕಡಜವು ಹುಳುವೊಂದನ್ನು ಮಣ್ಣಿನ ಗೂಡಿನಲ್ಲಿಟ್ಟು ಬಾಯಿ ಮುಚ್ಚುತ್ತದೆ. ಕೆಲವು ದಿನಗಳ ಮೇಲೆ ಅದರೊಳಗಿಂದ ಕಡಜವೇ ಹೊರಬರುತ್ತದೆ. ಎಡೆಬಿಡದೆ ಧ್ಯಾನಿಸಿ ಹುಳುವೇ ಕಡಜವಾಯಿತೆಂದು ಹಿರಿಯರು ಬಗೆದರು. ಕಂಡದ್ದು ನಿಜ, ಹೇಳಿದ ಕಾರಣ ಬೇರೆ. ಗೂಡಿನೊಳಗೆ ಕಡಜದ ಮರಿಯು ಆ ಹುಳುವನ್ನು ತಿಂದು ಬೆಳೆದಿರುತ್ತದೆ. ತರಗತಿಯಲ್ಲಿ ನಾನೂ ಬಹುಕಾಲ ಹಳೆಯ ಕಾರಣವನ್ನೇ ಒಪ್ಪಿಸುತ್ತ ಬಂದವನು!

ಇಂಥ ಜೀವಿಗಳನ್ನು ಬೇಸಾಯದ ನೆರವಿಗೆ ಪರದೇಶದಿಂದ ಕರೆಸಬೇಕೆಂದು ಮೊದಮೊದಲು ಹೇಳಿದವರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಕೀಟತಜ್ಞರಾದ ಏಸಾ ಫಿಚ್ ಒಬ್ಬರು. ಯುರೋಪಿನಿಂದ ಬಂದು ಗೋಧಿಯನ್ನು ಹಾಳುಮಾಡುತ್ತಿದ್ದ ಸಣ್ಣ ನೊಣಕ್ಕೆ ಅಲ್ಲಿಯ ಪರೋಪಜೀವಿಗಳನ್ನೇ ತರಿಸಲು 1850ರ ದಶಕದಲ್ಲಿ ಅವರು ಯತ್ನಿಸಿದರು. ಯತ್ನ ಕೈಗೂಡಲಿಲ್ಲ.

ನಮ್ಮ ಶಿರಗುಪ್ಪಿಯ ಸೀಮೆಗೆ ಈ ವಿಷಯ ಬಂದದ್ದು ಕಬ್ಬಿನ ದಾರಿಯಿಂದ. 2002ರ ಜುಲೈ ತಿಂಗಳಲ್ಲಿ ಗಡಿಯಾಚೆಯ ಸಾಂಗಲಿ ಜಿಲ್ಲೆಯಲ್ಲಿ ಬಿಳಿ ಉಣ್ಣೆ ಹೇನು ಕಾಣಿಸಿಕೊಂಡಿತು. ಮರಾಠಿಯಲ್ಲಿ ಲೋಕರಿ ಮಾವಾ ಎಂದರು. ಗಡಿಯ ಗೆರೆ ಹೇನಿಗೆ ತಿಳಿಯದು. ಅದೇ ವರ್ಷ ಕರ್ನಾಟಕಕ್ಕೂ ದಾಟಿತು. ಎಲೆಯ ಅಡಿಯೆಲ್ಲ ಹತ್ತಿ ಅಂಟಿಸಿದಂತೆ ಬೆಳ್ಳಗೆ. ಅದು ಸುರಿಸುವ ಅಂಟುರಸ ಕೆಳಗಿನ ಎಲೆಗೆ ಬಿದ್ದು ಅಲ್ಲಿ ಕಪ್ಪು ಬೂಷ್ಟು. ಗಂಡಿನ ಹಂಗಿಲ್ಲದೆಯೇ ಈ ಹೇನು ಮರಿ ಹಾಕುತ್ತದೆ. ಆಳೆತ್ತರ ಮೀರಿದ ಕಬ್ಬಿನೊಳಗೆ ಪಂಪು ಹೊತ್ತು ನುಗ್ಗುವುದು ಹೇಗೆ? ಔಷಧಿ ಹೊಡೆದರೆ ಹೇನನ್ನು ತಿನ್ನುವ ಕೀಟಗಳೂ ಸಾಯುವುವು. ಹೊಡೆಯದೆ ಕಾದರೆ ಬೆಳೆ ಹೋದೀತೆಂಬ ಭಯ. ಸಾಲ ತಂದು ಕಬ್ಬು ಹಚ್ಚಿದವನಿಗೆ ತಾಳ್ಮೆಯ ಪಾಠ ಹೇಳಲು ಯಾರಿಗೆ ಬಾಯಿ ಬಂದೀತು?

ಮೊದಲು ಕೈಹಿಡಿದವು ಕಡಜಗಳಲ್ಲ. ಡೈಫಾ ಎಂಬ ಪತಂಗದ ಮರಿಹುಳು, ಮೈಕ್ರೋಮಸ್ ಎಂಬ ಜಾಳಿಗೆರೆಕ್ಕೆಯ ಕೀಟ, ಇವೆರಡೂ ಹೇನುಗಳನ್ನು ಹಸಿದಂತೆ ತಿಂದವು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಮೈಕ್ರೋಮಸ್ಸನ್ನು ಸಾಕಿ ಬೆಳೆಸಿದರು. ಕಡಜ ಬಂದದ್ದು ಆಮೇಲೆ, ಈಶಾನ್ಯದ ಅಸ್ಸಾಮಿನ ಕಡೆಯಿಂದ. ಆ ಭಾಗಕ್ಕೆ ಹೇನು ಹೊಸದಲ್ಲ. ಪಶ್ಚಿಮ ಬಂಗಾಳದಲ್ಲಿ 1958ರಲ್ಲಿಯೇ ಅದು ವರದಿಯಾಗಿತ್ತು. ಕಡಜದ ಹೆಸರು ಎನ್ಕಾರ್ಸಿಯಾ ಫ್ಲೇವೋಸ್ಕುಟೆಲ್ಲಮ್. ಹೆಸರು ಮಾರುದ್ದ, ಜೀವ ಸಾಸಿವೆಗಿಂತ ಕಿರಿದು. ಹೇನಿಗೂ ಈ ಕಡಜಕ್ಕೂ ಶಾಸ್ತ್ರೀಯ ನಾಮಕರಣ ಮಾಡಿದವರು ಒಬ್ಬರೇ: ಜಾವಾದ ಕಬ್ಬಿನ ಕೀಟಗಳನ್ನು ಅಭ್ಯಾಸ ಮಾಡಿದ ಝೇಂಟ್ನರ್ ಎಂಬ ವಿದ್ವಾಂಸರು.

ಹೊಲಗಳಿಗೆ ಬಿಟ್ಟ ಕಡಜ ದಕ್ಷಿಣದಲ್ಲಿ ನೆಲೆನಿಂತಿತು. ಅದು ಹೇನಿನ ಮೈಯೊಳಗೆ ಮೊಟ್ಟೆಯಿಡುತ್ತದೆ. ಮರಿಯು ಒಳಗಿಂದಲೇ ತಿಂದು ಬೆಳೆದು, ರೆಕ್ಕೆ ಬಂದ ಮೇಲೆ ಚರ್ಮವನ್ನು ಕೊರೆದು ಹೊರಡುತ್ತದೆ. ಅಂಥ ಹೇನಿಗೆ ಭೂತಗನ್ನಡಿ ಹಿಡಿದರೆ, ಬೆನ್ನಿನಲ್ಲಿ ಸಣ್ಣದೊಂದು ತೂತು ಕಾಣುತ್ತದೆ.