ಬೀ ಜೀಸ್

ಬ್ಯಾರಿ ಗಿಬ್ (ಜನನ 1 ಸೆಪ್ಟೆಂಬರ್ 1946) ಮತ್ತು ಅವರ ಅವಳಿ ತಮ್ಮಂದಿರಾದ ರಾಬಿನ್, ಮಾರಿಸ್ (ಜನನ 22 ಡಿಸೆಂಬರ್ 1949) ಕಟ್ಟಿದ ಪಾಪ್ ತಂಡ. ಮೂವರೂ ಹುಟ್ಟಿದ್ದು ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಇರುವ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ. ಒಟ್ಟಾಗಿ ಹಾಡತೊಡಗಿದ್ದು ಮ್ಯಾಂಚೆಸ್ಟರಿನಲ್ಲಿ. ಹೆಸರು ಪಡೆದದ್ದು ಆಸ್ಟ್ರೇಲಿಯದಲ್ಲಿ. ಇವರನ್ನು ಡಿಸ್ಕೊ ತಂಡವೆಂದು ಒಂದೇ ಮಾತಿನಲ್ಲಿ ಮುಗಿಸುವ ವಾಡಿಕೆಯಿದೆ. ನಾಲ್ಕು ದಶಕ ದಾಟಿದ ಅವರ ಹಾಡುಗಾರಿಕೆಯಲ್ಲಿ ಆ ಮಾತು ಸಲ್ಲುವುದು ನಾಲ್ಕೈದು ವರ್ಷಗಳಿಗೆ ಮಾತ್ರ.

ತಂಡದ ಹೆಸರಿನಿಂದಲೇ ಗೊಂದಲ ಶುರುವಾಗುತ್ತದೆ. ಗಿಬ್ ಸಹೋದರರು ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳೇ ಈ ಹೆಸರು ಎಂದು ಬಹಳ ಕಡೆ ಬರೆದಿದೆ. ಆ ಅರ್ಥ ಕೂಡಿಕೊಂಡದ್ದು ಆಮೇಲೆ. ಕುಟುಂಬ 1958ರಲ್ಲಿ ಕ್ವೀನ್ಸ್‌ಲ್ಯಾಂಡಿಗೆ ವಲಸೆ ಹೋದಾಗ ಹುಡುಗರು ರೆಡ್‌ಕ್ಲಿಫ್‌ನ ಕಾರ್ ರೇಸಿನ ಮೈದಾನದಲ್ಲಿ, ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ಹಾಡುತ್ತಿದ್ದರು. ಜನ ಎಸೆದ ಚಿಲ್ಲರೆ ಕಾಸನ್ನು ಟ್ರ್ಯಾಕಿನಿಂದ ಆರಿಸಿಕೊಳ್ಳುತ್ತಿದ್ದರು. ಅಲ್ಲಿ ಅವರ ಹಾಡು ಕೇಳಿ ಮೆಚ್ಚಿದವರು ರೇಸಿನ ಆಯೋಜಕ ಬಿಲ್ ಗುಡ್. ಅವರು ಹುಡುಗರನ್ನು ಪರಿಚಯಿಸಿದ್ದು ಬ್ರಿಸ್ಬೇನಿನ ರೇಡಿಯೊ ನಿರೂಪಕ ಬಿಲ್ ಗೇಟ್ಸ್ ಅವರಿಗೆ (ಕಂಪ್ಯೂಟರ್ ಉದ್ಯಮಿಯಲ್ಲ, ಬೇರೆಯವರು). ಈ ಇಬ್ಬರದೂ ಬ್ಯಾರಿ ಗಿಬ್ಬರದೂ ಇನಿಷಿಯಲ್ ಒಂದೇ, ಬಿ.ಜಿ. ಹೆಸರು ಹುಟ್ಟಿದ್ದು ಅದರಿಂದ.

1967ರಲ್ಲಿ ಇಂಗ್ಲೆಂಡಿಗೆ ಮರಳಿದ ತಂಡಕ್ಕೆ ರಾಬರ್ಟ್ ಸ್ಟಿಗ್‌ವುಡ್ ವ್ಯವಸ್ಥಾಪಕರಾದರು. ಆ ವರ್ಷದ ‘ನ್ಯೂಯಾರ್ಕ್ ಮೈನಿಂಗ್ ಡಿಸಾಸ್ಟರ್ 1941’ ಹಾಡಿನ ಹಿಂದಿದ್ದದ್ದು ನ್ಯೂಯಾರ್ಕಿನ ದುರಂತವಲ್ಲ. 1966ರ ಅಕ್ಟೋಬರಿನಲ್ಲಿ ವೇಲ್ಸ್‌ನ ಅಬರ್‌ಫ್ಯಾನ್‌ನಲ್ಲಿ ಗಣಿತ್ಯಾಜ್ಯದ ಗುಡ್ಡ ಜರಿದು 116 ಮಕ್ಕಳೂ ಸೇರಿ 144 ಜನ ಸತ್ತ ಘಟನೆ. ‘ಟು ಲವ್ ಸಮ್‌ಬಡಿ’, ‘ಮ್ಯಾಸಚೂಸೆಟ್ಸ್’ ಗೆದ್ದವು. 1969ರಲ್ಲಿ ‘ಒಡೆಸ್ಸಾ’ ಆಲ್ಬಮಿನ ಯಾವ ಹಾಡನ್ನು ಮುಂದೆ ಮಾಡಬೇಕೆಂಬ ಜಗಳದಲ್ಲಿ ರಾಬಿನ್ ಹೊರನಡೆದರು. ಮರುವರ್ಷ ಮತ್ತೆ ಕೂಡಿಕೊಂಡರು. 1971ರಲ್ಲಿ ಅವರ ಹಾಡೊಂದಕ್ಕೆ ಅಮೆರಿಕದಲ್ಲಿ ಮೊದಲ ಸ್ಥಾನ ಸಿಕ್ಕಿತು. ಆಮೇಲಿನ ಮೂರು ವರ್ಷ ಇಳಿಮುಖ.

1975ರಲ್ಲಿ ಎರಿಕ್ ಕ್ಲ್ಯಾಪ್ಟನ್ ಸಲಹೆಯಂತೆ ಮಯಾಮಿಗೆ ಹೋದದ್ದು ನಿಜವಾದ ತಿರುವು. ಸ್ಟುಡಿಯೊಗೆ ಹೋಗುವ ದಾರಿಯ ಸೇತುವೆಯೊಂದರ ಮೇಲೆ ಕಾರಿನ ಚಕ್ರಗಳು ಕಟಕಟನೆ ಹೊರಡಿಸುತ್ತಿದ್ದ ಸದ್ದು ‘ಜೈವ್ ಟಾಕಿನ್’ಗೆ ಲಯ ಕೊಟ್ಟಿತು. ಅದು ಯಾವ ಸೇತುವೆ ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಸದ್ದಿನ ಬಗ್ಗೆ ತಕರಾರಿಲ್ಲ. ಆ ಹಾಡಿದ್ದ ಆಲ್ಬಮಿನಲ್ಲೇ ನಿರ್ಮಾಪಕ ಆರಿಫ್ ಮಾರ್ಡಿನ್ ಒಂದು ಹಾಡಿನ ಕೊನೆಗೆ ಕೂಗು ಬೇಕೆಂದಾಗ ಬ್ಯಾರಿಯ ಫಾಲ್ಸೆಟೊ, ಅಂದರೆ ನಮ್ಮವರು ಕಳ್ಳ ಶಾರೀರ ಎನ್ನುವ ಬಗೆಯ ಮೇಲ್ಸ್ವರ, ಹೊರಬಿತ್ತು.

‘ಸ್ಯಾಟರ್ಡೇ ನೈಟ್ ಫೀವರ್’ (1977) ಹಾಡುಗಳನ್ನು ಚಿತ್ರಕಥೆ ಓದಿ ಬರೆದರೆಂಬುದು ಸರಿಯಲ್ಲ. ಪ್ಯಾರಿಸ್ ಹತ್ತಿರದ ಎರುವೀಲ್ ಬಂಗಲೆಯ ಸ್ಟುಡಿಯೊದಲ್ಲಿ ಅವರು ತಮ್ಮದೇ ಹೊಸ ಆಲ್ಬಮಿಗೆ ತೊಡಗಿದ್ದಾಗ ಚಿತ್ರ ನಿರ್ಮಿಸುತ್ತಿದ್ದ ಸ್ಟಿಗ್‌ವುಡ್ ಹಾಡು ಕೊಡುವಂತೆ ಕೇಳಿದರು. ಇಲ್ಲಿಯೇ ಡ್ರಮ್ ವಾದಕ ಡೆನಿಸ್ ಬ್ರಯನ್ ಮನೆಯ ತುರ್ತಿಗೆ ಊರಿಗೆ ಹೊರಟರು. ‘ಸ್ಟೇಯಿನ್ ಅಲೈವ್’ಗೆ ಡ್ರಮ್ ನುಡಿಸುವವರೇ ಇಲ್ಲ. ತಂಡದ ಸಹನಿರ್ಮಾಪಕರಾದ ಆಲ್ಬಿ ಗಲೂಟನ್, ಕಾರ್ಲ್ ರಿಚರ್ಡ್‌ಸನ್ ಆಗಲೇ ಮುದ್ರಿಸಿದ್ದ ‘ನೈಟ್ ಫೀವರ್’ನಿಂದ ಬ್ರಯನ್ ನುಡಿಸಿದ್ದ ಎರಡು ಬಾರ್‌ನಷ್ಟನ್ನು ಬೇರೆ ಟೇಪಿಗೆ ಇಳಿಸಿ, ಆ ತುಂಡಿನ ಎರಡೂ ತುದಿ ಅಂಟಿಸಿ ಉಂಗುರ ಮಾಡಿದರು. ಉದ್ದದ ಉಂಗುರ ಯಂತ್ರದಲ್ಲಿ ಹಿಡಿಯದೆ ಹೊರಗೆ ಇಳಿಬಿದ್ದಿತು. ಮೈಕಿನ ಕಂಬದ ಆಸರೆ, ಬಿಗಿ ನಿಲ್ಲಲು ತೂಕಕ್ಕೊಂದು ಪ್ಲಾಸ್ಟಿಕ್ ರೀಲು. ಅದು ಸುತ್ತಿದಷ್ಟು ಹೊತ್ತೂ ಲಯ ಕೂದಲೆಳೆಯಷ್ಟೂ ಜಾರಲಿಲ್ಲ. ಆಲ್ಬಮಿನ ಕಲಾವಿದರ ಪಟ್ಟಿಯಲ್ಲಿ ಡ್ರಮ್ ವಾದಕನ ಹೆಸರು ಬರ್ನಾರ್ಡ್ ಲೂಪ್ ಎಂದಾಯಿತು. ಖ್ಯಾತ ವಾದಕ ಬರ್ನಾರ್ಡ್ ಪರ್ಡಿ ಹೆಸರನ್ನು ನೆನಪಿಸುವ, ಇಲ್ಲದ ಮನುಷ್ಯನ ಹೆಸರು. ಅದೇ ಉಂಗುರ ಮುಂದೆ ಬಾರ್ಬ್ರಾ ಸ್ಟ್ರೈಸಾಂಡ್ ಅವರ ‘ವುಮನ್ ಇನ್ ಲವ್’ಗೂ (1980) ಬಳಕೆಯಾಯಿತು. ಚಿತ್ರದ ಆಲ್ಬಮ್ 1978ರಲ್ಲಿ ಅಮೆರಿಕದಲ್ಲಿ ಸತತ 24 ವಾರ ಮೊದಲ ಸ್ಥಾನದಲ್ಲಿತ್ತು.

1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ತಟ್ಟೆಗಳ ರಾಶಿಯನ್ನು ಸ್ಫೋಟಿಸಲಾಯಿತು. ಇದನ್ನು ಬರೀ ಅಭಿರುಚಿಯ ಜಗಳ ಎನ್ನುವುದು ಹಳೆಯ ವಿವರಣೆ. ಕಪ್ಪು ಜನರ, ಸಲಿಂಗಿಗಳ ಸಂಗೀತದ ಮೇಲಿದ್ದ ದ್ವೇಷ ಅದರಲ್ಲಿತ್ತೆಂಬ ವಾದಕ್ಕೆ ಈಚೆಗೆ ಹೆಚ್ಚು ಬಲ ಬಂದಿದೆ. ಪೆಟ್ಟು ತಿಂದವರಲ್ಲಿ ಬೀ ಜೀಸ್ ಕೂಡ ಇದ್ದರು. ಹಲವು ರೇಡಿಯೊಗಳು ಅವರ ಹಾಡು ಕೈಬಿಟ್ಟವು. ಅವರು ಬೇರೆಯವರಿಗೆ ಬರೆದುಕೊಟ್ಟು ಬದುಕಿಕೊಂಡರು: ಡಿಯೋನ್ ವಾರ್ವಿಕ್‌ಗೆ ‘ಹಾರ್ಟ್‌ಬ್ರೇಕರ್’, ಕೆನಿ ರೋಜರ್ಸ್–ಡಾಲಿ ಪಾರ್ಟನ್ ಜೋಡಿಗೆ ‘ಐಲ್ಯಾಂಡ್ಸ್ ಇನ್ ದ ಸ್ಟ್ರೀಮ್’, ಡಯಾನಾ ರಾಸ್‌ಗೆ ‘ಚೈನ್ ರಿಯಾಕ್ಷನ್’. ‘ಹೌ ಡೀಪ್ ಈಸ್ ಯುವರ್ ಲವ್’ ಕದ್ದ ರಾಗವೆಂದು 1983ರಲ್ಲಿ ಜ್ಯೂರಿ ಹೇಳಿದ್ದನ್ನು ನ್ಯಾಯಾಧೀಶರೇ ತಳ್ಳಿಹಾಕಿದರು. ಮೇಲ್ಮನವಿಯಲ್ಲೂ ಅದೇ ಉಳಿಯಿತು.

ಒಂಟಿಯಾಗಿಯೇ ಹಾಡಿ ಹೆಸರಾದ ಕಿರಿಯ ತಮ್ಮ ಆ್ಯಂಡಿ 1988ರಲ್ಲಿ 30ನೇ ವಯಸ್ಸಿಗೆ ತೀರಿಕೊಂಡರು. ಮಾರಿಸ್ 2003ರಲ್ಲಿ, ರಾಬಿನ್ 2012ರಲ್ಲಿ. ಬ್ಯಾರಿ ಒಬ್ಬರೇ ಉಳಿದರು.

ನಿಂತ ಹೃದಯಕ್ಕೆ ಎದೆಯೊತ್ತಿ ಜೀವ ತುಂಬುವ ಸಿಪಿಆರ್ ತರಬೇತಿಯಲ್ಲಿ ‘ಸ್ಟೇಯಿನ್ ಅಲೈವ್’ ಇಂದು ಪಾಠವಾಗಿದೆ. ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಹಾಡಿನ ಲಯ ಸುಮಾರು 103. ಕಲಿಯುವವರು ಕೈಯೂರಿ ಲೆಕ್ಕ ಹಿಡಿಯುವುದು ಆ ಟೇಪಿನ ತುಂಡಿನ ಲಯಕ್ಕೆ. ಅದನ್ನು ನುಡಿಸಿದ ಬ್ರಯನ್ 2024ರ ನವೆಂಬರಿನಲ್ಲಿ ತೀರಿಕೊಂಡರು. ಅವರಿಗಿಂತ ಮೊದಲು ತಂಡಕ್ಕೆ ಡ್ರಮ್ ನುಡಿಸುತ್ತಿದ್ದ ಕಾಲಿನ್ ಪೀಟರ್ಸನ್ ಸತ್ತದ್ದೂ ಅದೇ ತಿಂಗಳು.