ಪೀಪಾಯಿಯ ಎರಡನೆಯ ಜನ್ಮ: ಮಾಗಿದ ಟೆಕಿಲಾದ ಚರಿತ್ರೆಯಲ್ಲಿ ಬೋರ್ಬನ್ನಿನ ಪಾತ್ರ

ಮೆಕ್ಸಿಕೋ ದೇಶದ ಟೆಕಿಲಾ ಮದ್ಯದ ಪ್ರಸಿದ್ಧ ಅಂಕಿತಗಳಲ್ಲೊಂದಕ್ಕೆ 1800 ಎಂಬ ಸಂಖ್ಯೆಯೇ ಹೆಸರಾಗಿ ನಿಂತಿದೆ. ಆ ವರ್ಷದಲ್ಲಿ ಮೊಟ್ಟಮೊದಲಿಗೆ ಟೆಕಿಲಾವನ್ನು ಓಕ್ ಮರದ ಪೀಪಾಯಿಯಲ್ಲಿ ಮಾಗಿಸಲಾಯಿತೆಂದು ಅದನ್ನು ಮಾರುವವರು ಸಾರುತ್ತ ಬಂದಿದ್ದಾರೆ. ಆದರೆ ಆ ಅಂಕಿತ ಪೇಟೆಗೆ ಬಂದುದು 1975ರಲ್ಲಿ. ಮದ್ಯವ್ಯಾಪಾರಿಗಳ ಪಂಚಾಂಗದಲ್ಲಿ ಒಂದು ಮುಕ್ಕಾಲು ಶತಮಾನವು ಗಣನೆಗೆ ಬಾರದ ಅಲ್ಪಕಾಲವಾಗಿರಬಹುದು; ಚರಿತ್ರಕಾರನಿಗೆ ಹಾಗಲ್ಲ. ಇಂದು ‘ಅನ್ಯೆಹೊ’ ಎಂದು ಕರೆಯಲ್ಪಡುವ ಮಾಗಿದ ಟೆಕಿಲಾದ ಹೊಂಬಣ್ಣವೂ, ವೆನಿಲ್ಲಾದ ಪರಿಮಳವೂ, ಮೃದುವಾದ ಮಾಧುರ್ಯವೂ ಬಹುಮಟ್ಟಿಗೆ ಅಮೆರಿಕದ ಬೋರ್ಬನ್ ವಿಸ್ಕಿಯನ್ನು ಒಮ್ಮೆ ಒಡಲಲ್ಲಿಟ್ಟುಕೊಂಡಿದ್ದ ಹಳೆಯ ಪೀಪಾಯಿಗಳಿಂದ ಬಂದುವು. ಆ ಪೀಪಾಯಿಗಳು ಧಾರಾಳವಾಗಿ ದೊರೆಯುವಂತೆ ಮಾಡಿದುದು ಸಂಪ್ರದಾಯವಲ್ಲ, 1930ರ ದಶಕದ ಅಮೆರಿಕದ ಒಂದು ಶಾಸನ ಎಂಬುದೇ ಪ್ರಕೃತ ಲೇಖನದ ಪ್ರತಿಪಾದ್ಯ.

ಟೆಕಿಲಾದ ಮೂಲದ್ರವ್ಯ ನಮಗೆ ಅಪರಿಚಿತವಾದ ಕುಲದ್ದಲ್ಲ. ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ, ರೈಲುಹಳಿಗಳ ಪಕ್ಕದಲ್ಲಿ ಬೇಲಿಯಾಗಿ ನಿಂತು, ಹೆಚ್ಚಾಗಿ ನಾರಿಗಾಗಿಯೇ ಬೆಲೆ ಪಡೆದಿರುವ ಕತ್ತಾಳೆಯೂ ಅದೇ ಅಗಾವೆ ಕುಲಕ್ಕೆ ಸೇರಿ, ಅದೇ ಅಮೆರಿಕ ಖಂಡದಿಂದ ಇಲ್ಲಿಗೆ ಬಂದುದು. ಟೆಕಿಲಾಕ್ಕೆ ಬಳಸುವುದು ಅದರ ನೀಲಿ ಜಾತಿ. 1902ರಲ್ಲಿ ವೇಬರ್ ಎಂಬ ವಿದ್ವಾಂಸನು ಅದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದನು. ಆರೇಳು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೆಳೆದ ಗಿಡದ ಎಲೆಗಳನ್ನು ‘ಹಿಮಾದೊರ್’ ಎಂಬ ಕುಶಲಿಯು ಉದ್ದಹಿಡಿಯ ದುಂಡುಬಾಯಿಯ ಆಯುಧದಿಂದ ಸವರಿಹಾಕಿ, ಅನಾನಸಿನಾಕಾರದ ಅದರ ಒಡಲನ್ನು ಕಿತ್ತು ತರುತ್ತಾನೆ. ಅದನ್ನು ಬೇಯಿಸಿದಾಗ ಅದರೊಳಗಿನ ಪಿಷ್ಟಸದೃಶವಾದ ದ್ರವ್ಯ ಸಕ್ಕರೆಯಾಗುತ್ತದೆ. ಅರೆದು ಹಿಂಡಿದ ರಸವನ್ನು ಹುದುಗಿಸಿ, ಎರಡು ಬಾರಿ ಬಟ್ಟಿಯಿಳಿಸಿದರೆ ದೊರೆಯುವುದು ನೀರಿನಂತೆ ನಿರ್ವರ್ಣವಾದ, ಹಸಿರು ಗಿಡದ ಹಾಗೂ ಮೆಣಸಿನ ಖಾರದ ಗಂಧವುಳ್ಳ ಮದ್ಯ. ಮರದ ಸಂಸರ್ಗ ಇನ್ನೂ ಅದಕ್ಕೆ ಒದಗಿಲ್ಲ, ಒದಗಲೇಬೇಕೆಂದೂ ಇಲ್ಲ. ಹಲಿಸ್ಕೊ ಪ್ರಾಂತದ ಹಳಬರಲ್ಲಿ ಅನೇಕರು ಇಂದಿಗೂ ಇದೇ ನಿಜವಾದ ಟೆಕಿಲಾ ಎನ್ನುತ್ತಾರೆ.

ಸ್ಪೇನಿನವರು ಬರುವುದಕ್ಕೆ ಮುಂಚೆ ಆ ನಾಡಿನಲ್ಲಿ ಕತ್ತಾಳೆಯ ರಸವನ್ನು ಹುದುಗಿಸಿ ಮಾಡಿದ ‘ಪುಲ್ಕೆ’ ಎಂಬ ಪಾನೀಯವಿದ್ದಿತು. ಬಟ್ಟಿಯಿಳಿಸುವ ವಿದ್ಯೆ ಅಲ್ಲಿಗೆ ಹೇಗೆ ತಲಪಿತೆಂಬ ವಿಷಯದಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವುಂಟು. ಮನಿಲಾದಿಂದ ಪೆಸಿಫಿಕ್ ಸಾಗರವನ್ನು ದಾಟಿ ಬರುತ್ತಿದ್ದ ಸ್ಪೇನಿನ ವ್ಯಾಪಾರದ ಹಡಗುಗಳಲ್ಲಿ ಬಂದ ಫಿಲಿಪೀನರು, ತೆಂಗಿನ ಸಾರಾಯಿಯನ್ನು ಇಳಿಸುವ ತಮ್ಮ ಪದ್ಧತಿಯನ್ನು ಪಶ್ಚಿಮ ಮೆಕ್ಸಿಕೋದ ಕರಾವಳಿಗೆ ತಂದರೆಂಬ ವಾದಕ್ಕೆ ಈಚೆಗೆ ಗಣ್ಯವಾದ ಬೆಂಬಲ ದೊರೆತಿದೆ. ಅದೇನೇ ಇರಲಿ, ಹದಿನೆಂಟನೆಯ ಶತಮಾನದ ಹೊತ್ತಿಗೆ ಟೆಕಿಲಾ ಪಟ್ಟಣದ ಸುತ್ತಣ ಕಣಿವೆಗಳಲ್ಲಿ ಈ ಉದ್ಯಮ ಬೇರೂರಿದ್ದಿತು. 1758ರಲ್ಲಿ ಹೊಸೆ ಅಂತೋನಿಯೊ ದ ಕ್ವೆರ್ವೊ ಎಂಬವನಿಗೆ ಭೂಮಿ ಮಂಜೂರಾಯಿತು. 1785ರಲ್ಲಿ, ಸ್ಪೇನಿನಿಂದ ಬರುವ ಮದ್ಯಗಳ ಮಾರಾಟಕ್ಕೆ ಧಕ್ಕೆಯಾಗದಿರಲೆಂದು ಮೂರನೆಯ ಕಾರ್ಲೋಸ್ ದೊರೆಯು ವಸಾಹತಿನ ಮದ್ಯಗಳನ್ನು ನಿಷೇಧಿಸಿದನು. ಅವನ ಮಗ ನಾಲ್ಕನೆಯ ಕಾರ್ಲೋಸನ ಕಾಲದಲ್ಲಿ, 1795ರಲ್ಲಿ, ಹೊಸೆ ಮರಿಯ ಗ್ವಾದಲುಪೆ ದ ಕ್ವೆರ್ವೊವಿಗೆ ರಾಜಾನುಮತಿ ಸಿಕ್ಕಿತು. 1873ರಲ್ಲಿ ಸೆನೋಬಿಯೊ ಸೌಸ ತನ್ನ ಬಟ್ಟಿಯನ್ನು ಸ್ಥಾಪಿಸಿ, ಗಡಿಯಾಚೆಯ ಅಮೆರಿಕ ಸಂಯುಕ್ತ ಸಂಸ್ಥಾನಗಳಿಗೆ ಸರಕು ಕಳುಹಿಸತೊಡಗಿದನು.

ಈ ದೀರ್ಘಾವಧಿಯಲ್ಲಿ ಪೀಪಾಯಿಗಳಿರಲಿಲ್ಲವೆಂದಲ್ಲ. ಇದ್ದುವು, ಆದರೆ ಅವು ವಾಹಕಗಳಾಗಿದ್ದುವೇ ಹೊರತು ಪಾಕಪಾತ್ರೆಗಳಾಗಿರಲಿಲ್ಲ. ಹೇಸರಗತ್ತೆಗಳ ಬೆನ್ನೇರಿ ಗ್ವಾದಲಹಾರ ನಗರಕ್ಕೂ, ಬೆಳ್ಳಿಗಣಿಗಳ ಊರುಗಳಿಗೂ, ಸಾನ್ ಬ್ಲಾಸ್ ರೇವಿಗೂ ಸಾಗಿಹೋಗುತ್ತಿದ್ದ ಮದ್ಯವು ಮರದ ಪಾತ್ರೆಯಲ್ಲಿ ವಾರಗಟ್ಟಲೆ ಕುಲುಕಾಡಿ ಒಂದಿಷ್ಟು ಬಣ್ಣವನ್ನೂ ನಯವನ್ನೂ ಪಡೆದಿರಬಹುದು. ಯಾವನೋ ಜಮೀನುದಾರನು ಮನೆಯ ಉಗ್ರಾಣದಲ್ಲಿ ಒಂದೆರಡು ಪೀಪಾಯಿಗಳನ್ನು ಮದುವೆ ಮುಂಜಿಗಳಿಗಾಗಿ ಇಟ್ಟಿದ್ದಿರಲೂಬಹುದು. ಆದರೆ ಆಕಸ್ಮಿಕ ಬೇರೆ, ಪದ್ಧತಿ ಬೇರೆ. 1888ರಲ್ಲಿ ಗ್ವಾದಲಹಾರಕ್ಕೆ ರೈಲುಮಾರ್ಗ ಬಂದು, ಅನಂತರದ ದಶಕಗಳಲ್ಲಿ ಗಾಜಿನ ಬಾಟಲಿ ಪೀಪಾಯಿಯ ಸ್ಥಾನವನ್ನು ಆಕ್ರಮಿಸಿಕೊಂಡಾಗ, ಸಾಗಣೆಗೆ ಮರ ಬೇಕಾಗಲಿಲ್ಲ. ವಾಹಕವಾಗಿ ನಿವೃತ್ತವಾದ ಪೀಪಾಯಿ ಪಾಕಪಾತ್ರೆಯಾಗಿ ಮರಳಿ ಬರಬೇಕಾದರೆ ಬೇರೊಂದು ಕಾರಣ ಒದಗಬೇಕಾಗಿದ್ದಿತು. ಅದು ಒದಗಿದುದು ಮೆಕ್ಸಿಕೋದಲ್ಲಲ್ಲ.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 1920ರಿಂದ 1933ರವರೆಗೆ ಪಾನನಿರೋಧವು ಜಾರಿಯಲ್ಲಿದ್ದಿತು. ಅದು ತೆರವಾದ ಮೇಲೆ ಮದ್ಯೋದ್ಯಮವನ್ನು ಹೊಸ ಕಟ್ಟಳೆಗಳಿಗೆ ಒಳಪಡಿಸಬೇಕಾಗಿ ಬಂದಾಗ, 1935ರ ಕೇಂದ್ರಶಾಸನವನ್ನು ಅನುಸರಿಸಿ ಹೊರಟ ನಿಯಮಾವಳಿಗಳಲ್ಲಿ ಒಂದು ವಿಧಿ ಸೇರಿತು: ಬೋರ್ಬನ್ ಎನಿಸಿಕೊಳ್ಳುವ ವಿಸ್ಕಿಯನ್ನು ಒಳಮೈ ಸುಟ್ಟು ಕರಕಾಗಿಸಿದ, ಹೊಸದಾದ ಓಕ್ ಪಾತ್ರೆಗಳಲ್ಲಿಯೇ ಸಂಗ್ರಹಿಸಿಡತಕ್ಕದ್ದು. ‘ಹೊಸದಾದ’ ಎಂಬ ಆ ಒಂದು ವಿಶೇಷಣದ ಫಲವು ಅದನ್ನು ಬರೆದವರ ಊಹೆಯನ್ನು ಮೀರಿದುದು. ನೂರಾರು ವರ್ಷ ಬಾಳಬಲ್ಲ ಮರದಿಂದ ಕಡಿದು, ಹಲಗೆಗಳನ್ನು ತಿಂಗಳುಗಟ್ಟಲೆ ಒಣಗಿಸಿ, ಬಾಗಿಸಿ, ಕಬ್ಬಿಣದ ಪಟ್ಟಿಗಳಿಂದ ಬಿಗಿದು ಮಾಡಿದ ಪೀಪಾಯಿಯು, ಬೋರ್ಬನ್ನಿನ ದೃಷ್ಟಿಯಿಂದ, ಒಂದೇ ಬಾರಿಯ ಬಳಕೆಗೆ ಮುಗಿದುಹೋಗುವ ವಸ್ತುವಾಯಿತು. ಕಾಡು ಕಡಿಯುವವರಿಗೂ ಪೀಪಾಯಿ ಕಟ್ಟುವವರಿಗೂ ಇದರಿಂದ ನಿರಂತರವಾದ ಉದ್ಯೋಗ ದೊರೆಯಿತೆಂಬುದು ಸ್ಪಷ್ಟ. ಆದರೆ ಕೆಂಟಕಿಯ ಉಗ್ರಾಣಗಳ ಬಾಗಿಲಲ್ಲಿ ಗಟ್ಟಿಮುಟ್ಟಾದ, ಆದರೂ ಶಾಸನತಃ ನಿರುಪಯುಕ್ತವಾದ, ಸುಮಾರು 200 ಲೀಟರು ಹಿಡಿಯುವ ಪೀಪಾಯಿಗಳು ವರ್ಷವರ್ಷವೂ ರಾಶಿಬೀಳತೊಡಗಿದುವು. ಸ್ಕಾಟ್ಲೆಂಡಿನವರು ಅವನ್ನು ಕೊಂಡರು. ಕೆರಿಬಿಯನ್ ದ್ವೀಪಗಳ ರಮ್ ತಯಾರಕರು ಕೊಂಡರು. ರೈಲಿನಲ್ಲೂ ಲಾರಿಯಲ್ಲೂ ಸಮುದ್ರಯಾನವಿಲ್ಲದೆ ತರಿಸಿಕೊಳ್ಳಬಹುದಾಗಿದ್ದ ಮೆಕ್ಸಿಕೋದವರು ಕೊಳ್ಳದಿರುವರೆ?

ಬೆಲೆಯೊಂದೇ ಆಕರ್ಷಣೆಯಾಗಿದ್ದಿದ್ದರೆ ಈ ಸಂಬಂಧ ಇಷ್ಟುಕಾಲ ನಿಲ್ಲುತ್ತಿರಲಿಲ್ಲ. ಈ ಪೀಪಾಯಿಗಳಾಗುವ ಅಮೆರಿಕದ ಬಿಳಿಯ ಓಕ್ ಮರದ ನಾಳಗಳು ತಮ್ಮಷ್ಟಕ್ಕೆ ಮುಚ್ಚಿಕೊಳ್ಳುವ ಸ್ವಭಾವದವು. ಆದುದರಿಂದಲೇ ಅದು ಸೋರದು. ಒಳಮೈಯನ್ನು ಒಂದು ನಿಮಿಷದೊಳಗೆ ಉರಿಗೊಡ್ಡಿ ಸುಟ್ಟಾಗ ಮೇಲೆ ಇದ್ದಲಿನ ಪದರವೂ, ಅದರ ಕೆಳಗೆ ಸಕ್ಕರೆ ಕರಗಿ ಕೆಂಪಾದ ಇನ್ನೊಂದು ಪದರವೂ ಉಂಟಾಗುತ್ತವೆ. ಮರದ ಲಿಗ್ನಿನ್ ಎಂಬ ದ್ರವ್ಯ ಶಾಖದಿಂದ ಒಡೆದು ವೆನಿಲ್ಲಿನ್ ಆಗುತ್ತದೆ. ಓಕ್ ಮರದ ಲ್ಯಾಕ್ಟೋನುಗಳು ಎಳೆಯ ಕೊಬ್ಬರಿಯ ಗಂಧವನ್ನು ಕೊಡುತ್ತವೆ. ಟ್ಯಾನಿನ್ನುಗಳು ಒಗರನ್ನು ಕೊಡುತ್ತವೆ. ಹೊಸ ಪೀಪಾಯಿಯಲ್ಲಿ ಇವೆಲ್ಲವೂ ಉಗ್ರವಾಗಿದ್ದು, ಮೆಕ್ಕೆಜೋಳದ ವಿಸ್ಕಿ ಅದನ್ನು ತಾಳಿಕೊಳ್ಳಬಲ್ಲದು. ಕತ್ತಾಳೆಯ ಮದ್ಯದ ಪ್ರಕೃತಿಯೇ ಬೇರೆ: ಅದರ ಜೀವಾಳವು ಗಿಡದಿಂದಲೇ ಬಂದ ಸೂಕ್ಷ್ಮವಾದ, ಹೂವನ್ನೂ ಸೊಪ್ಪನ್ನೂ ನೆನಪಿಸುವ ಗಂಧದ್ರವ್ಯಗಳಲ್ಲಿದೆ, ಹೊಸ ಮರದ ಒಗರು ಅವನ್ನು ಬೇಗನೆ ನುಂಗಿಹಾಕುತ್ತದೆ. ಬೋರ್ಬನ್ನು ಮರದ ಮೊದಲ ರಭಸವನ್ನೆಲ್ಲ ಹೀರಿಕೊಂಡು ಹೋದ ಮೇಲೆ ಉಳಿದ ಪೀಪಾಯಿಯಾದರೋ, ವರ್ಷಗಟ್ಟಲೆ ಉಪ್ಪಿನಕಾಯಿ ಹಾಕಿ ಪಳಗಿದ ಭರಣಿಯಂತೆ, ತನ್ನ ಖಾರವನ್ನು ಕಳೆದುಕೊಂಡು ನೆನಪನ್ನು ಮಾತ್ರ ಇಟ್ಟುಕೊಂಡಿರುತ್ತದೆ. ಹಲಗೆಗಳ ರಂಧ್ರಗಳಲ್ಲಿ ಕೆಲವು ಲೀಟರುಗಳಷ್ಟು ವಿಸ್ಕಿಯೇ ಅಡಗಿದ್ದು, ಬಳಿಕ ಬರುವ ಮದ್ಯದೊಡನೆ ಮೆಲ್ಲಗೆ ಬೆರೆಯುವುದೂ ಉಂಟು. ಅಮೆರಿಕದ ಕಾಯಿದೆ ಆಕಸ್ಮಿಕವಾಗಿ ಮೆಕ್ಸಿಕೋಗೆ ಒದಗಿಸಿಕೊಟ್ಟುದು ಅಗ್ಗದ ಪಾತ್ರೆಯನ್ನಷ್ಟೇ ಅಲ್ಲ, ಅದಕ್ಕೆ ಒಪ್ಪುವ ಪಾತ್ರೆಯನ್ನೂ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ವಿಸ್ಕಿಯ ಅಭಾವ ತಲೆದೋರಿದಾಗ ಅಮೆರಿಕನ್ನರು ಟೆಕಿಲಾದ ಕಡೆಗೆ ತಿರುಗಿದರು. ಬೇಡಿಕೆ ಏರಿತು, ಏರಿದ ಬೇಡಿಕೆಯು ಶುದ್ಧತೆಯನ್ನು ಇಳಿಸಿತು. 1949ರ ನಿಯಮದಂತೆ ಸಂಪೂರ್ಣವಾಗಿ ಕತ್ತಾಳೆಯದಾಗಿರಬೇಕಾಗಿದ್ದ ಸಕ್ಕರೆಯ ಪಾಲು 1964ರಲ್ಲಿ ಶೇಕಡ 70ಕ್ಕೂ, 1970ರಲ್ಲಿ ಶೇಕಡ 51ಕ್ಕೂ ಇಳಿಯಿತು. ಉಳಿದುದನ್ನು ಕಬ್ಬಿನ ಸಕ್ಕರೆ ಮೊದಲಾದುವು ತುಂಬಬಹುದಾಯಿತು. ಮಾಗಿಸುವಿಕೆಗೆ ಈ ಕಾಲದಲ್ಲಿಯೇ ಹೊಸ ಮಹತ್ತ್ವ ಬಂದಿತೆಂಬುದನ್ನು ಅಲಕ್ಷಿಸಲಾಗದು. ಅಮಾತಿತಾನಿನ ಹೆರದೂರ ಸಂಸ್ಥೆಯು ಅಲ್ಪಕಾಲ ಮರದಲ್ಲಿ ತಂಗಿದ ‘ರೆಪೊಸಾದೊ’ವನ್ನು ತಾನೇ ಮೊದಲಿಗೆ, 1974ರಲ್ಲಿ, ಮಾರುಕಟ್ಟೆಗೆ ತಂದೆನೆಂದು ಹೇಳಿಕೊಳ್ಳುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ಟೆಕಿಲಾ ಎಂಬ ನಾಮಕ್ಕೆ ಮೆಕ್ಸಿಕೋ ಸರ್ಕಾರವು ಮೂಲಸ್ಥಾನದ ರಕ್ಷಣೆಯನ್ನು ಘೋಷಿಸಿತು. ಹಲಿಸ್ಕೊ ಸಂಸ್ಥಾನವಿಡೀ, ಇನ್ನು ನಾಲ್ಕು ಸಂಸ್ಥಾನಗಳ ಕೆಲವು ಭಾಗಗಳು ಈಗ ಆ ಸೀಮೆಗೆ ಸೇರಿವೆ.

ಮೆಕ್ಸಿಕೋದ ಈಗಿನ ನಿಯಮವನ್ನು ಓದಿದವರಿಗೆ ಅದರ ಮೌನಗಳೇ ಹೆಚ್ಚು ಬೋಧಪ್ರದವೆನಿಸುತ್ತವೆ. ರೆಪೊಸಾದೊ ಎರಡು ತಿಂಗಳಾದರೂ ಓಕ್ ಮರದ ಸಂಪರ್ಕದಲ್ಲಿರಬೇಕು. ಪಾತ್ರೆಯ ಗಾತ್ರಕ್ಕೆ ಮಿತಿಯಿಲ್ಲ. ಅನ್ಯೆಹೊ 600 ಲೀಟರನ್ನು ಮೀರದ ಪಾತ್ರೆಯಲ್ಲಿ ಒಂದು ವರ್ಷವಾದರೂ ಮಾಗಬೇಕು. 2006ರಲ್ಲಿ ಸೇರಿದ ‘ಎಕ್ಸ್‌ಟ್ರಾ ಅನ್ಯೆಹೊ’ ವರ್ಗಕ್ಕೆ ಮೂರು ವರ್ಷ. ಮರ ಹೊಸದಿರಬೇಕೆ, ಹಳೆಯದಿರಬೇಕೆ, ಅದರಲ್ಲಿ ಮುಂಚೆ ಏನಿದ್ದಿತು ಎಂಬುದರ ಮಾತೇ ಇಲ್ಲ. ಒಂದು ದೇಶದ ಕಾಯಿದೆ ‘ಹೊಸದು’ ಎಂದು ಹಟಹಿಡಿದುದು, ಇನ್ನೊಂದರ ಕಾಯಿದೆ ಆ ವಿಷಯದಲ್ಲಿ ಬಾಯಿ ಬಿಡದಿದ್ದುದು, ಇವೆರಡರ ನಡುವಣ ಅವಕಾಶದಲ್ಲಿಯೇ ಇಡೀ ವ್ಯಾಪಾರ ಬೆಳೆದಿದೆ. 1994ರ ಜನವರಿಯಲ್ಲಿ ಜಾರಿಗೆ ಬಂದ ಉತ್ತರ ಅಮೆರಿಕದ ಮುಕ್ತವ್ಯಾಪಾರದ ಒಡಂಬಡಿಕೆಯಲ್ಲಿ ಬೋರ್ಬನ್ನನ್ನು ಅಮೆರಿಕದ ವಿಶಿಷ್ಟ ಉತ್ಪನ್ನವೆಂದು ಮೆಕ್ಸಿಕೋವೂ, ಟೆಕಿಲಾವನ್ನು ಮೆಕ್ಸಿಕೋದ ವಿಶಿಷ್ಟ ಉತ್ಪನ್ನವೆಂದು ಅಮೆರಿಕವೂ ಅಂಗೀಕರಿಸಿದುವು. ಹೆಸರುಗಳಿಗೆ ಹೀಗೆ ಬೇಲಿ ಬಿದ್ದಿತು. ಪೀಪಾಯಿಗಳು ಮಾತ್ರ ಬೇಲಿಯನ್ನು ದಾಟುತ್ತಲೇ ಇದ್ದುವು. ಅಷ್ಟೇ ಅಲ್ಲ, ಒಡೆತನವೂ ದಾಟಿತು: ಜಿಮ್ ಬೀಮ್ ಬೋರ್ಬನ್ನಿನ ಒಡೆಯರು 2005ರಲ್ಲಿ ಸೌಸವನ್ನೂ, ಓಲ್ಡ್ ಫಾರೆಸ್ಟರ್ ಬೋರ್ಬನ್ನಿನ ತಯಾರಕರಾದ ಬ್ರೌನ್-ಫಾರ್ಮನ್ ಸಂಸ್ಥೆಯವರು 2007ರಲ್ಲಿ ಹೆರದೂರವನ್ನೂ ಕೊಂಡರು. ಕೆಂಟಕಿಯಲ್ಲಿ ಖಾಲಿಯಾದ ಪೀಪಾಯಿ ಹಲಿಸ್ಕೊದಲ್ಲಿ ತುಂಬುವುದು ಈಗ ಒಂದೇ ಮನೆತನದ ಜಮಾಖರ್ಚಿನ ಮಾತಾಯಿತು.

ಮರದಷ್ಟೇ ಹವೆಯೂ ಇಲ್ಲಿ ಮುಖ್ಯ. ಟೆಕಿಲಾ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1200 ಮೀಟರು ಎತ್ತರದಲ್ಲಿದೆ. ಅರಾಂದಾಸ್, ಅತೊತೊನಿಲ್ಕೊ ಮೊದಲಾದ ಊರುಗಳಿರುವ ಪೂರ್ವದ ಪ್ರಸ್ಥಭೂಮಿ ಅದಕ್ಕಿಂತಲೂ ಎತ್ತರವಾದುದು. ಅಲ್ಲಿಯ ಬೆಚ್ಚಗಿನ ಒಣಹವೆಯಲ್ಲಿ ಮದ್ಯವು ಮರದ ಒಳಕ್ಕೂ ಹೊರಕ್ಕೂ ಚುರುಕಾಗಿ ಸಂಚರಿಸುವುದರಿಂದ ಮಾಗುವಿಕೆ ತ್ವರೆಯಾಗಿ ನಡೆಯುತ್ತದೆ, ಆವಿಯಾಗಿ ಹೋಗುವ ಪಾಲೂ ಹೆಚ್ಚುತ್ತದೆ. ಇದರ ಅನುಭವ ನಮ್ಮ ಬೆಂಗಳೂರಿಗೂ ಉಂಟು. ಇಲ್ಲಿಯ ಅಮೃತ್ ಡಿಸ್ಟಿಲರಿಯವರು 2004ರಲ್ಲಿ ಗ್ಲಾಸ್ಗೊದಲ್ಲಿ ಬಿಡುಗಡೆ ಮಾಡಿದ ಸಿಂಗಲ್ ಮಾಲ್ಟ್ ವಿಸ್ಕಿಗೂ ಬೋರ್ಬನ್ನಿನ ಹಳೆಯ ಪೀಪಾಯಿಗಳೇ ಆಶ್ರಯ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇಕಡ ಎರಡರಷ್ಟು ಆವಿಯಾದರೆ ಬೆಂಗಳೂರಿನ ಉಗ್ರಾಣದಲ್ಲಿ ಶೇಕಡ ಹತ್ತನ್ನು ಮೀರುವುದೆಂದು ಆ ಉದ್ಯಮದವರು ಹೇಳುತ್ತಾರೆ. ಸ್ಕಾಟರು ಹನ್ನೆರಡು, ಹದಿನೆಂಟು ವರ್ಷಗಳ ಲೆಕ್ಕವನ್ನು ಹೇಳಿ ಹೆಮ್ಮೆಪಡುವಲ್ಲಿ ಹಲಿಸ್ಕೊದವರು ಮೂರು ವರ್ಷಕ್ಕೆ ‘ಎಕ್ಸ್‌ಟ್ರಾ’ ಎನ್ನುವುದು ಅತಿಶಯೋಕ್ತಿಯಲ್ಲ. ಅದಕ್ಕಿಂತ ಹೆಚ್ಚು ಕಾಲ ಇಟ್ಟರೆ ಕತ್ತಾಳೆಯ ಗುರುತು ಅಳಿದು, ಯಾವ ದೇಶದ್ದೆಂದು ಹೇಳಲಾಗದ ಮರದ ಕಷಾಯವು ಉಳಿಯುವ ಅಪಾಯವೇ ಹೆಚ್ಚು.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಸುಟ್ಟ ಸಕ್ಕರೆಯ ಬಣ್ಣ, ಓಕ್ ಮರದ ಸತ್ತ್ವ, ಗ್ಲಿಸರಿನ್, ಸಕ್ಕರೆ ಪಾಕ, ಈ ನಾಲ್ಕನ್ನು ತೂಕದಲ್ಲಿ ಶೇಕಡ ಒಂದರ ಮಿತಿಯೊಳಗೆ ಮದ್ಯಕ್ಕೆ ಬೆರೆಸಲು ನಿಯಮವು ಅವಕಾಶ ಕೊಟ್ಟಿದೆ. ಆ ಮಿತಿಯೊಳಗಿದ್ದರೆ ಚೀಟಿಯ ಮೇಲೆ ತಿಳಿಸಬೇಕಾದುದೂ ಇಲ್ಲ. ಅಲ್ಪಪ್ರಮಾಣವೆಂದು ತೋರಿದರೂ ಇಷ್ಟರಿಂದಲೇ ಬಣ್ಣ, ರುಚಿ, ನಯಗಳನ್ನು ಮಾರ್ಪಡಿಸಬಹುದು. ಆದುದರಿಂದ ಬಾಟಲಿಯ ಬಣ್ಣ ಗಾಢವಾಗಿದ್ದಮಾತ್ರಕ್ಕೆ ಮದ್ಯವು ಹೆಚ್ಚು ಮಾಗಿದೆಯೆಂದು ನಿರ್ಣಯಿಸುವುದು ಶಾಸ್ತ್ರಸಮ್ಮತವಲ್ಲ. ಒಂದೇ ಪೀಪಾಯಿಯನ್ನು ಮತ್ತೆ ಮತ್ತೆ ತುಂಬುವುದೂ, ಒಳಮೈಯನ್ನು ಕೆರೆದು ಪುನಃ ಸುಡುವುದೂ ರೂಢಿಯಲ್ಲಿರುವುದರಿಂದ ಒಂದು ವರ್ಷವೆಂಬುದು ಎಲ್ಲ ಕಡೆಯೂ ಒಂದೇ ವರ್ಷವಲ್ಲ.

ಈ ಶತಮಾನದ ಎರಡನೆಯ ದಶಕದಿಂದೀಚೆಗೆ ‘ಕ್ರಿಸ್ತಲಿನೊ’ ಎಂಬ ಹೊಸ ಬಗೆಯು ಬಹಳ ಜನಪ್ರಿಯವಾಗಿದೆ. ಅನ್ಯೆಹೊ ಟೆಕಿಲಾವನ್ನೇ ಇದ್ದಲಿನ ಮೂಲಕ ಸೋಸಿ, ಪೀಪಾಯಿಯು ಒಂದು ವರ್ಷಕ್ಕೂ ಮೇಲ್ಪಟ್ಟು ಕೊಟ್ಟ ಬಣ್ಣವನ್ನೆಲ್ಲ ತೆಗೆದುಹಾಕಿ, ಮತ್ತೆ ನೀರಿನಂತೆ ನಿರ್ವರ್ಣವಾಗಿ ಮಾಡಿ ಮಾರುವ ಕ್ರಮವಿದು. ಬಣ್ಣದೊಡನೆ ಪರಿಮಳದ ಒಂದು ಭಾಗವೂ ಹೋಗುವುದರಲ್ಲಿ ಸಂದೇಹವಿಲ್ಲ. ಬೆಲೆ ಮಾತ್ರ ಅನೇಕ ವೇಳೆ ಮೂಲದ ಅನ್ಯೆಹೊವಿಗಿಂತ ಹೆಚ್ಚಾಗಿರುತ್ತದೆ.