ಬೆಳಕಿನ ವೇಗ: ಮಾಧ್ಯಮಗಳಲ್ಲಿನ ವ್ಯತ್ಯಾಸ

ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್. ಬೆಳಕಿನ ಆಕರ ಚಲಿಸುತ್ತಿರಲಿ, ಅಳೆಯುವವರೇ ಚಲಿಸುತ್ತಿರಲಿ, ಈ ಬೆಲೆ ಬದಲಾಗದು. 1983ರಿಂದ ಮೀಟರಿನ ವ್ಯಾಖ್ಯೆಯೇ ಇದನ್ನು ಆಧರಿಸಿದೆ. ಬದಲಾಗುವುದು ಮಾಧ್ಯಮದೊಳಗಿನ ವೇಗ. ಅದು ನೀರಿನಲ್ಲಿ ಸೆಕೆಂಡಿಗೆ ಸುಮಾರು 2,25,000 ಕಿ.ಮೀ., ಸಾಮಾನ್ಯ ಗಾಜಿನಲ್ಲಿ 2,00,000 ಕಿ.ಮೀ., ವಜ್ರದಲ್ಲಿ 1,24,000 ಕಿ.ಮೀ. ಗಾಳಿಯಲ್ಲಿ ಕಡಿಮೆಯಾಗುವುದು ಸುಮಾರು 90 ಕಿ.ಮೀ. ಮಾತ್ರ. ನಿರ್ವಾತದ ವೇಗವನ್ನು ಮಾಧ್ಯಮದ ವೇಗದಿಂದ ಭಾಗಿಸಿದಾಗ ಬರುವ ಸಂಖ್ಯೆ ವಕ್ರೀಭವನಾಂಕ.

ಬೆಳಕಿನ ಅಲೆ ಹಾಯುವಾಗ ಮಾಧ್ಯಮದ ಎಲೆಕ್ಟ್ರಾನುಗಳು ಕಂಪಿಸಿ ತಾವೂ ಅಲೆಗಳನ್ನು ಹೊಮ್ಮಿಸುತ್ತವೆ. ಎಲ್ಲವೂ ಕೂಡಿ ಉಂಟಾಗುವ ಅಲೆ ಹಿಂದೆ ಬೀಳುತ್ತದೆ. ಮಾಧ್ಯಮದಿಂದ ಹೊರಬಿದ್ದ ಕೂಡಲೇ ಬೆಳಕಿಗೆ ಮೊದಲಿನ ವೇಗವೇ ಇರುತ್ತದೆ. ನೀರಿನಲ್ಲಿ ಬೆಳಕು ನಿಧಾನವೆಂಬುದನ್ನು ಫ್ರಾನ್ಸಿನ ಫೂಕೊ 1850ರಲ್ಲಿ ಪ್ರಯೋಗದಿಂದ ತೋರಿಸಿದ. ನೀರಿನಲ್ಲಿ ವೇಗ ಹೆಚ್ಚಬೇಕೆಂದು ಹೇಳುತ್ತಿದ್ದ ನ್ಯೂಟನ್ ಪರಂಪರೆಯ ಕಣವಾದಕ್ಕೆ ಅದು ದೊಡ್ಡ ಪೆಟ್ಟಾಯಿತು. 1999ರಲ್ಲಿ ಭೌತವಿಜ್ಞಾನಿ ಲೆನೆ ಹಾವ್ ಅವರ ತಂಡ ಅತಿಶೀತಲ ಸೋಡಿಯಂ ಪರಮಾಣುಗಳ ಮೋಡದಲ್ಲಿ ಬೆಳಕಿನ ಸ್ಪಂದವನ್ನು ಸೆಕೆಂಡಿಗೆ 17 ಮೀಟರಿಗೆ ಇಳಿಸಿತು.

ಈ ವೇಗವ್ಯತ್ಯಾಸದ ಮೇಲೆ ನಿಂತ ಒಂದು ಮುಖ್ಯ ಸಿದ್ಧಾಂತ ಬೆಂಗಳೂರಿನದು. ದ್ರವದಲ್ಲಿ ಶ್ರವಣಾತೀತ ಧ್ವನಿ ಹಾಯುತ್ತಿರುವಾಗ ಅದರ ಮೂಲಕ ಬಿಟ್ಟ ಬೆಳಕು ಹಲವು ಕಿರಣಗಳಾಗಿ ಒಡೆಯುವುದನ್ನು 1932ರಲ್ಲಿ ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲ್ಯೂಕಾ ಮತ್ತು ಬಿಕಾರ್ ಕಂಡಿದ್ದರು. ಅಷ್ಟೊಂದು ಕಿರಣಗಳು ಏಕೆ, ಅವುಗಳ ಪ್ರಖರತೆ ಏರಿಳಿಯುವುದೇಕೆ ಎಂಬುದು ಬಗೆಹರಿದಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ 1935–36ರ ಲೇಖನಮಾಲೆಯಲ್ಲಿ ಉತ್ತರ ಕೊಟ್ಟರು. ಧ್ವನಿಯಿಂದ ಒತ್ತಿಹೋದ ಪದರಗಳಲ್ಲಿ ಬೆಳಕು ತುಸು ನಿಧಾನ, ಸಡಿಲವಾದ ಪದರಗಳಲ್ಲಿ ತುಸು ವೇಗ. ಹೀಗಾಗಿ ಸಪಾಟಾಗಿ ಒಳಹೊಕ್ಕ ಅಲೆಮುಖ ತಗಡಿನ ಶೀಟಿನ ಹಾಗೆ ಏರುತಗ್ಗಾಗಿ ಹೊರಬರುತ್ತದೆ. ಅದೇ ಹಲವು ದಿಕ್ಕಿನ ಕಿರಣಗಳಾಗಿ ಹರಡುತ್ತದೆ. ಪ್ರತಿ ಕಿರಣದ ಪ್ರಖರತೆಯನ್ನು ಬೆಸೆಲ್ ಫಲನಗಳೆಂಬ ಗಣಿತಸಾಧನದಿಂದ ಲೆಕ್ಕಹಾಕಬಹುದು. ರಾಮನ್ ಪರಿಣಾಮದ ಕೀರ್ತಿಯ ಮರೆಯಲ್ಲಿ ಈ ಕೆಲಸ ನಮ್ಮಲ್ಲಿ ಸಾಕಷ್ಟು ಪ್ರಚಾರ ಪಡೆದಿಲ್ಲ, ಪಡೆಯಬೇಕು. ಲೇಸರ್ ಕಿರಣವನ್ನು ಧ್ವನಿಯಿಂದ ನಿಯಂತ್ರಿಸುವ ಸಾಧನಗಳ ವಿವರಣೆಯಲ್ಲಿ ‘ರಾಮನ್–ನಾಥ್ ವಿವರ್ತನೆ’ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.

ಮಾಧ್ಯಮದೊಳಗೆ ಬೆಳಕನ್ನು ಕಣಗಳು ಹಿಂದಿಕ್ಕಬಲ್ಲವು. ಅಣುಸ್ಥಾವರಗಳ ನೀರಿನ ಕೊಳಗಳಲ್ಲಿ ಕಾಣುವ ನೀಲಿ ಪ್ರಭೆ, ಅಂದರೆ ಚೆರೆಂಕೋವ್ ವಿಕಿರಣ, ಹೀಗೆ ಮುನ್ನುಗ್ಗುವ ಎಲೆಕ್ಟ್ರಾನುಗಳಿಂದ ಹುಟ್ಟುತ್ತದೆ. ನಿರ್ವಾತದ ವೇಗವನ್ನು ಅವೂ ಮುಟ್ಟಲಾರವು.

ನಕ್ಷತ್ರಗಳ ನಡುವಿನ ಅವಕಾಶವೂ ಪೂರ್ತಿ ಖಾಲಿಯಲ್ಲ. ಅಲ್ಲಿ ಚದುರಿರುವ ಎಲೆಕ್ಟ್ರಾನುಗಳು ಬೆಳಕಿನ ಜಾತಿಯವೇ ಆದ ರೇಡಿಯೋ ಅಲೆಗಳನ್ನು ತಡಮಾಡಿಸುತ್ತವೆ. ಆವೃತ್ತಿ ಅರ್ಧಕ್ಕಿಳಿದರೆ ತಡ ನಾಲ್ಕು ಪಟ್ಟಾಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಜೊತೆಗೂಡಿ ಕಟ್ಟಿದ ರೇಡಿಯೋ ದೂರದರ್ಶಕ 34.5 ಮೆಗಾಹರ್ಟ್ಸ್‌ನಷ್ಟು ತಗ್ಗಿನ ಆವೃತ್ತಿಯಲ್ಲಿ ಪಲ್ಸಾರುಗಳನ್ನು, ಅಂದರೆ ಲಯಬದ್ಧವಾಗಿ ರೇಡಿಯೋ ಮಿಡಿತ ಕಳಿಸುವ ನಕ್ಷತ್ರಗಳನ್ನು, ಆಲಿಸಿದೆ. ಅಲ್ಲಿ ಅಧ್ಯಯನಕ್ಕೊಳಗಾದ ಬಿ0943+10 ಎಂಬ ಪಲ್ಸಾರಿನ ಮಿಡಿತ ಈ ಆವೃತ್ತಿಯಲ್ಲಿ, ನಿರ್ವಾತದಲ್ಲಿ ಬಂದಿದ್ದರೆ ತಲುಪಬೇಕಾಗಿದ್ದ ಹೊತ್ತಿಗಿಂತ ಸುಮಾರು 50 ಸೆಕೆಂಡು ತಡವಾಗಿ ತಲುಪುತ್ತದೆ. ಆ ತಡದಿಂದ ದಾರಿಯಲ್ಲಿರುವ ಎಲೆಕ್ಟ್ರಾನುಗಳ ಪ್ರಮಾಣ, ಅದರಿಂದ ಪಲ್ಸಾರಿನ ದೂರದ ಅಂದಾಜು ಸಿಗುತ್ತವೆ.